19 ಅಕ್ಷರ, 137 ಬೈಟ್

ಮೂರು ಮನೆಗಳಲ್ಲಿ ಒಂದೇ ಫೈಲುಗಳ ಕಾಪಿ ಇಡುವ ನನ್ನ ಸಾಹಸದಲ್ಲಿ, ಚಿತ್ರದುರ್ಗದ ಡಬ್ಬ ಕೊನೆಗೂ 100% ತೋರಿಸಿತು, ಅಂದರೆ ಫೈಲುಗಳೆಲ್ಲ ಅಲ್ಲಿಗೆ ಹೋಗಿ ಸೇರಿದವು. ಕಳೆದ ಸಲ ಬರೆದಾಗ ಅದು 99ಕ್ಕೆ ನಿಂತುಬಿಟ್ಟಿತ್ತು, ಹೀಗೇ ಆಡಿದರೆ ತಂದು ಕುಂದವಾಡ ಕೆರೆಗೆ ಎಸೆಯುತ್ತೇನೆ ಅಂತ ಬೇರೆ ಹೇಳಿದ್ದೆ. ಸದ್ಯ ಕೆರೆ ಬಚಾವಾಯಿತು.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ದಾವಣಗೆರೆ ವಿದ್ಯಾನಗರದ ನನ್ನ ಮನೆಯಲ್ಲಿ ಹಳೇ ಐ3 ಪಿಸಿ ಮೇಲೆ ಓಪನ್‌ಮೀಡಿಯಾವಾಲ್ಟ್ (ಪಿಸಿಯನ್ನು ಫೈಲ್ ಸರ್ವರ್ ಮಾಡುವ ಸಾಫ್ಟ್‌ವೇರ್) ಇದೆ. ನಿಟುವಳ್ಳಿಯ ದೊಡ್ಡಪ್ಪನ ಮನೆಯಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಅದಕ್ಕೊಂದು ಯುಎಸ್‌ಬಿ ಡಿಸ್ಕ್. ಚಿತ್ರದುರ್ಗದಲ್ಲಿ ಅಣ್ಣನ ಮನೆಯಲ್ಲಿ ಎರಡು ಡಿಸ್ಕ್ ಹಿಡಿಯುವ ರೆಡಿಮೇಡ್ ನ್ಯಾಸ್, ಅಂದರೆ ನೆಟ್‌ವರ್ಕಿಗೆ ಜೋಡಿಸಿ ಫೈಲು ಇಡುವ ಡಬ್ಬ. ಮೂರರಲ್ಲೂ ಸಿಂಕ್‌ಥಿಂಗ್, ಒಂದು ಕಡೆ ಹಾಕಿದ ಫೈಲನ್ನು ಉಳಿದ ಕಡೆಗೂ ತಾನೇ ತಲುಪಿಸುವ ಸಾಫ್ಟ್‌ವೇರ್. ಎಲ್ಲಾ ಕಡೆ ಸಿಜಿನ್ಯಾಟ್ (ಒಂದೇ ಇಂಟರ್ನೆಟ್ ವಿಳಾಸವನ್ನು ಕಂಪನಿ ಹಲವು ಮನೆಗಳಿಗೆ ಹಂಚುವುದು, ಹೊರಗಿನಿಂದ ನೇರ ಸಂಪರ್ಕ ಆಗಲ್ಲ), ಹಾಗಾಗಿ ರೂಟರ್‌ನಲ್ಲಿ ಸಿಂಕ್‌ಥಿಂಗ್ ಬಳಸುವ 22000 ಪೋರ್ಟ್ ತೆಗೆದು ಪ್ರಯೋಜನ ಇಲ್ಲ. ನಡುವೆ ನಿಂತು ಡೇಟಾ ದಾಟಿಸುವ ರಿಲೇ ಸರ್ವರ್ ಮೇಲೆ ಬಿಟ್ಟರೆ ಆಮೆ ನಡಿಗೆ. ಮೂರನ್ನೂ ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸುವ ಟೈಲ್‌ಸ್ಕೇಲ್ ಹಾಕಿದೆ, ಆ ಅಧ್ಯಾಯ ಮುಗಿಯಿತು. ಅದರ ಬಗ್ಗೆ ಬರೆಯಲು ಏನೂ ಇಲ್ಲ, ಸುಮ್ನೆ ಕೆಲಸ ಮಾಡುತ್ತದೆ.

ಫೋಟೋಗಳ ಮೊದಲ ಕಾಪಿಯನ್ನು ಚಿತ್ರದುರ್ಗದ ಡಬ್ಬ ನನ್ನ ಟೇಬಲ್ ಮೇಲೆ ಇದ್ದಾಗಲೇ ಮಾಡಿಕೊಂಡೆ. ಅಲ್ಲೂ ಒಂದು ತಲೆನೋವು. ಸ್ಪೀಡು ಸೆಕೆಂಡಿಗೆ 11 ಎಂಬಿ ದಾಟುತ್ತಲೇ ಇರಲಿಲ್ಲ. ಎರಡೂ ಕಡೆ ಗಿಗಾಬಿಟ್ ಪೋರ್ಟ್, ಆದರೂ ಲಿಂಕ್ 100 ಮೆಗಾಬಿಟ್‌ನಲ್ಲಿ ಕೂತಿತ್ತು. ಇಲ್ಲೇ ಒಂದು ಅಂಗಡಿಯಲ್ಲಿ "ಪ್ಯೂರ್ ಕಾಪರ್ ಸರ್, ಕ್ಯಾಟ್ 6" ಅಂತ ಮಾರಿದ ಕೇಬಲ್ ಅದು. ಬ್ಲೇಡಿನಿಂದ ತಂತಿ ಕೆರೆದರೆ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ! ಮೇಲೆ ತಾಮ್ರದ ಲೇಪ ಅಷ್ಟೇ. ಕನೆಕ್ಟರ್ ಹತ್ತಿರ ಒಂದು ತಂತಿ ಮುರಿದಿತ್ತು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಜೋಡಿ ಸಾಕು, ಅದಕ್ಕೇ ಪೂರ್ತಿ ಸಾಯದೆ ಕುಂಟುತ್ತಿತ್ತು. ವಾಪಸ್ ಒಯ್ದರೆ "ಲ್ಯಾಪ್‌ಟಾಪ್‌ಗೆ ಹಾಕಿ ನೋಡಿ ಸರ್, ಓಡುತ್ತೆ" ಎಂಬ ಉತ್ತರ. ಓಡುತ್ತೆ, ಓಡಲ್ಲ ಅಂತ ಯಾರು ಹೇಳಿದರು!

ಇರಲಿ. ಅಸಲಿ ಕಥೆ ದೊಡ್ಡಪ್ಪನ ಕ್ಯಾಸೆಟ್‌ಗಳದ್ದು.

ರಿಟೈರ್ ಆದಮೇಲೆ ದೊಡ್ಡಪ್ಪ ತಮ್ಮ ಭಜನೆ, ರಂಗಗೀತೆ, ಜಾತ್ರೆ ರೆಕಾರ್ಡಿಂಗ್‌ಗಳನ್ನೆಲ್ಲ ಒಂದೊಂದಾಗಿ ಲ್ಯಾಪ್‌ಟಾಪ್‌ಗೆ ಇಳಿಸುತ್ತಿದ್ದಾರೆ. ಅವರು ಇಡುವ ಫೈಲ್ ಹೆಸರು ಮದುವೆ ಕರೆಯೋಲೆ ಓದಿದ ಹಾಗಿರುತ್ತದೆ. ಊರು, ದೇವರು, ಸಂದರ್ಭ, ಯಾವ ಕ್ಯಾಸೆಟ್ಟು, ಯಾವ ಸೈಡು, ಎಲ್ಲವೂ ಅಚ್ಚ ಕನ್ನಡದಲ್ಲಿ. ಲ್ಯಾಪ್‌ಟಾಪ್‌ನಿಂದ ಪೈಗೆ ಹಾಕುತ್ತಾರೆ, ಪೈಯಿಂದ ನನ್ನ ಮನೆಗೆ ತಕರಾರಿಲ್ಲದೆ ಬರುತ್ತದೆ, ಅಲ್ಲಿಂದ ಚಿತ್ರದುರ್ಗಕ್ಕೆ ಹೋಗುವಾಗ ಕೆಲವು ಮಾತ್ರ ನಿಲ್ಲುತ್ತವೆ. ಫೇಲ್ಡ್ ಐಟಮ್ಸ್ ಪಟ್ಟಿ ತೆಗೆದರೆ ಎಲ್ಲದರ ಮುಂದೆ ಒಂದೇ ದೂರು: ಹೆಸರು ತುಂಬಾ ಉದ್ದ.

ಉದ್ದ ಅಂದರೆ ಎಷ್ಟು ಉದ್ದ? ಇದನ್ನೇ ನೋಡಿ: "ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ರಾತ್ರಿ ಭಜನೆ". ಕಣ್ಣಿಗೆ ಕಾಣುವುದು 19 ಅಕ್ಷರ. ಇದು ಉದ್ದವಾ? ಲಿನಕ್ಸ್‌ನಲ್ಲಿ 255ರವರೆಗೆ ಜಾಗ ಇದೆ ಅಂತ ನಾವೆಲ್ಲ ಬಾಯಿಪಾಠ ಮಾಡಿಕೊಂಡಿದ್ದೇವೆ ಅಲ್ವಾ.

ಮೊದಲು ಪರ್ಮಿಷನ್ ನೋಡಿದೆ, ಅಲ್ಲಿ ಏನೂ ಇಲ್ಲ. ಯೂನಿಕೋಡ್ ನಾರ್ಮಲೈಸೇಶನ್ (ಒಂದೇ ಅಕ್ಷರದ ಬೇರೆ ಬೇರೆ ಕೋಡುಗಳನ್ನು ಒಂದೇ ರೂಪಕ್ಕೆ ತರುವುದು) ತಕರಾರು ಇರಬಹುದು ಅನ್ನಿಸಿತು. ಕನ್ನಡದ ಓತ್ವವನ್ನು ಒಂದೇ ಕೋಡಿನಲ್ಲೂ ಬರೆಯಬಹುದು, ಮೂರು ತುಂಡು ಸೇರಿಸಿಯೂ ಬರೆಯಬಹುದು, ನೋಡಲು ಎರಡೂ ಒಂದೇ. ಆದರೆ ಸಿಂಕ್‌ಥಿಂಗ್ ಅದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಆಟೋ ನಾರ್ಮಲೈಸ್ ಡಿಫಾಲ್ಟ್ ಆಗಿಯೇ ಆನ್ ಇರುತ್ತದೆ. ಅದೂ ಅಲ್ಲ.

ಆಮೇಲೆ ಒಂದು ಫೈಲನ್ನು ಕೈಯಿಂದ ಕಾಪಿ ಮಾಡಿದೆ. ಇದೇ ನಾಯಕನಹಟ್ಟಿ ಫೈಲು. ಸಲೀಸಾಗಿ ಹೋಯಿತು! ಹೆಸರು ಉದ್ದ ಅಂದ ಡಬ್ಬವೇ ಅದನ್ನು ಒಳಗೆ ಬಿಟ್ಟುಕೊಂಡಿತು. ಅದರ ಅಣ್ಣನಂಥ ಇನ್ನೊಂದು ಫೈಲಿದೆ, ಇದೇ ಹೆಸರಿನ ಬಾಲಕ್ಕೆ "ಎರಡನೇ ಕ್ಯಾಸೆಟ್ ಬಿ ಸೈಡ್" ಅಂತ ಸೇರಿದ್ದು. ಅದನ್ನು ಕೈಯಿಂದ ಹಾಕಿದರೂ ಹೋಗಲಿಲ್ಲ. ಅಂದರೆ ಫೇಲ್ ಆದ ಫೈಲುಗಳಲ್ಲೇ ಎರಡು ಜಾತಿ. ಒಂದು, ಯಾವ ದಾರಿಯಲ್ಲೂ ಹೋಗದ್ದು. ಇನ್ನೊಂದು, ಕೈಯಿಂದ ಹಾಕಿದರೆ ಹೋಗುವುದು, ಸಿಂಕ್‌ನಲ್ಲಿ ಮಾತ್ರ ಹೋಗದ್ದು. ನನ್ನ ನಿದ್ದೆ ಕೆಡಿಸಿದ್ದು ಈ ಎರಡನೇ ಜಾತಿ.

ಮೊದಲ ಜಾತಿಯ ಗುಟ್ಟು ಬೇಗ ಸಿಕ್ಕಿತು. ಎಸ್‌ಎಸ್‌ಎಚ್‌ನಿಂದ ದೂರದಲ್ಲೇ ಕೂತು ಡಬ್ಬದೊಳಗೆ ಹೊಕ್ಕು ಮೌಂಟ್ ಪಟ್ಟಿ (ಯಾವ ಜಾಗ ಹೇಗೆ ಜೋಡಣೆಯಾಗಿದೆ ಎಂಬ ಪಟ್ಟಿ) ನೋಡಿದರೆ ಅಣ್ಣನ ಶೇರ್ ಫೋಲ್ಡರ್ ಎದುರಿಗೆ ಇಕ್ರಿಪ್ಟ್‌ಎಫ್‌ಎಸ್ ಅಂತ ಇದೆ, ಅದು ಫೈಲುಗಳನ್ನು ಗೂಢಲಿಪಿ ಮಾಡಿ ಇಡುವ ವ್ಯವಸ್ಥೆ. ಭಜನೆ ಫೋಲ್ಡರಿಗೆ ಎನ್‌ಕ್ರಿಪ್ಷನ್! ಅಣ್ಣನಿಗೆ ಫೋನ್ ಮಾಡಿದರೆ, "ಅದು ಅಂಗಡಿಯವನು ಹಾಕಿಕೊಟ್ಟಿದ್ದು ಕಣಪ್ಪಾ, ಸೆಕ್ಯೂರಿಟಿ ಇರಲಿ ಅಂದ. ಪಾಸ್‌ವರ್ಡ್ ಡಬ್ಬದ ತಳಕ್ಕೆ ಚೀಟಿ ಅಂಟಿಸೈತೆ ನೋಡು." ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕುವ ಸೇವೆಗೆ ಅವರು ಇನ್‌ಸ್ಟಲೇಶನ್ ಚಾರ್ಜ್ ಬೇರೆ ತೆಗೆದುಕೊಂಡಿದ್ದಾರೆ.

ಇಕ್ರಿಪ್ಟ್‌ಎಫ್‌ಎಸ್ ಫೈಲಿನ ಒಳಗಿರುವುದನ್ನಷ್ಟೇ ಅಲ್ಲ, ಹೆಸರನ್ನೂ ಗೂಢಲಿಪಿ ಮಾಡಿ ಕೆಳಗಿನ ಫೈಲ್‌ಸಿಸ್ಟಂನಲ್ಲಿ ಇಡುತ್ತದೆ. ಆ ಗೂಢ ಹೆಸರಿನ ಮುಂದೆ ತನ್ನದೊಂದು ಉದ್ದದ ಗುರುತು ಸೇರಿಸುತ್ತದೆ, ಉಳಿದದ್ದನ್ನು ಬರೆಯಬಹುದಾದ ಅಕ್ಷರಗಳಿಗೆ ತಿರುಗಿಸುವಾಗ ಅದೂ ಹಿಗ್ಗುತ್ತದೆ. ಕೆಳಗಿನ ಮಿತಿ 255 ಬೈಟ್. ಈ ಖರ್ಚೆಲ್ಲ ಕಳೆದು ನಮಗೆ ಉಳಿಯುವುದು 143. ಸ್ಟ್ಯಾಟ್ ಹೈಫನ್ ಎಫ್ ಎಂಬ ಕಮಾಂಡ್ ಕೊಟ್ಟರೆ ನೇಮ್‌ಲೆನ್ ಅಂತ ಅದೇ ಸಂಖ್ಯೆ ತೋರಿಸುತ್ತದೆ.

ಗಮನಿಸಿ, 143 ಬೈಟ್, 143 ಅಕ್ಷರ ಅಲ್ಲ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಪ್ರತಿ ಕೋಡಿಗೂ ಮೂರು. ಅದರಲ್ಲೂ ವ್ಯಂಜನಕ್ಕೆ ಮೂರು, ಅದರ ಗುಣಿತಕ್ಕೆ ಬೇರೆ ಮೂರು, ಒತ್ತಕ್ಷರ ಇದ್ದರೆ ನಡುವಿನ ಹಲಂತಕ್ಕೂ ಮೂರು. "ಲಕ್ಷ್ಮೀ" ಅಂತ ಎರಡೇ ಅಕ್ಷರ ಬರೆದರೆ 21 ಬೈಟ್ ಖಾಲಿ! "ಚಿತ್ರದುರ್ಗ" 30. ಪರೀಕ್ಷೆಗೆ ಬರೀ "ಕ" ಸಾಲಾಗಿ ಹಾಕಿ ಖಾಲಿ ಫೈಲು ಮಾಡಿದೆ. 47 ಕ ತೆಗೆದುಕೊಂಡಿತು, 48ನೆಯದಕ್ಕೆ ಒದರಿತು. ವಿಂಡೋಸ್ ಲೆಕ್ಕ ಹಾಕುವುದು ಯುಟಿಎಫ್-16ರಲ್ಲಿ, ಅಲ್ಲಿ ಕನ್ನಡದ ಕೋಡಿಗೂ ಇಂಗ್ಲಿಷ್ ಅಕ್ಷರಕ್ಕೂ ಒಂದೇ ಬೆಲೆ, ಅದಕ್ಕೇ ದೊಡ್ಡಪ್ಪನ ಲ್ಯಾಪ್‌ಟಾಪ್ ಯಾವತ್ತೂ ಗೊಣಗಿಲ್ಲ.

ಬಿ ಸೈಡ್ ಫೈಲು ಎಂಪಿ3 ಬಾಲ ಸೇರಿ 198 ಬೈಟ್. ಹಾಗಾಗಿ ಅದು ಹೋಗದಿರುವುದು ನ್ಯಾಯ. ಆದರೆ ನಾಯಕನಹಟ್ಟಿ ಭಜನೆ ಬಾಲ ಸಮೇತ ಎಣಿಸಿದರೂ 137. 143ರ ಒಳಗೇ ಇದೆ! ಅದಕ್ಕೇನು ರೋಗ?

ಉತ್ತರ ಲಾಗ್‌ನಲ್ಲಿತ್ತು. ವೆಬ್ ಪುಟದಲ್ಲಿ ತೋರಿಸುವ ಚುಟುಕು ದೂರನ್ನು ನಂಬಿಕೊಂಡು ಕೂರಬಾರದು, ಪೂರ್ತಿ ಸಾಲು ಓದಬೇಕು. ಆ ಸಾಲಿನಲ್ಲಿದ್ದ ಹೆಸರು ನಮ್ಮ ಫೈಲಿನದ್ದಲ್ಲ. ಅದರ ತಲೆಗೆ ".ಸಿಂಕ್‌ಥಿಂಗ್." ಅಂತ ಒಂದು ಟೋಪಿ, ಕೊನೆಗೆ ".ಟಿಎಂಪಿ" ಅಂತ ಒಂದು ಬಾಲ. ಸಿಂಕ್‌ಥಿಂಗ್ ಫೈಲನ್ನು ನೇರವಾಗಿ ಬರೆಯುವುದಿಲ್ಲ, ಮೊದಲು ತಾತ್ಕಾಲಿಕ ಹೆಸರಲ್ಲಿ ಬರೆದು, ಪೂರ್ತಿ ಆದಮೇಲೆ ಅಸಲಿ ಹೆಸರು ಕೊಡುತ್ತದೆ ಎಂಬುದು ನಮಗೆಲ್ಲ ಗೊತ್ತು. ಆದರೆ ಆ ಟೋಪಿ ಇಂಗ್ಲಿಷಿನಲ್ಲಿ 11 ಬೈಟ್, ಬಾಲ 4 ಬೈಟ್. ಒಟ್ಟು 15. 137ಕ್ಕೆ 15 ಕೂಡಿಸಿ: 152. ತಾತ್ಕಾಲಿಕ ಫೈಲು ಹುಟ್ಟುವ ಮೊದಲೇ ಸತ್ತಿತು.

ಇಲ್ಲಿ ತಮಾಷೆ ಏನೆಂದರೆ, ಸಿಂಕ್‌ಥಿಂಗ್ ಬರೆದವರು ಈ ತರಹದ ಫೈಲ್‌ಸಿಸ್ಟಂಗಳನ್ನು ಯೋಚಿಸಿಯೇ ಒಂದು ಉಪಾಯ ಇಟ್ಟಿದ್ದಾರೆ. ತಾತ್ಕಾಲಿಕ ಹೆಸರು 160 ಬೈಟ್ ದಾಟುವಂತಿದ್ದರೆ ಅಸಲಿ ಹೆಸರಿನ ಜಾಗದಲ್ಲಿ ಚಿಕ್ಕ ಹ್ಯಾಶ್ (ಹೆಸರಿನಿಂದ ಲೆಕ್ಕ ಹಾಕಿದ ಗಿಡ್ಡ ಸಂಕೇತ) ಹಾಕುತ್ತಾರೆ. ನಮ್ಮದು 152, ಹ್ಯಾಶ್ ಆಗುವಷ್ಟು ಉದ್ದವೂ ಅಲ್ಲ, 143ರಲ್ಲಿ ಹಿಡಿಯುವಷ್ಟು ಗಿಡ್ಡವೂ ಅಲ್ಲ. 129ರಿಂದ 143 ಬೈಟ್‌ವರೆಗಿನ ಹೆಸರುಗಳಿಗೆಲ್ಲ ಇದೇ ಗತಿ. ಇಂಗ್ಲಿಷಿನಲ್ಲಿ ಹೆಸರಿಡುವವರು ಅಷ್ಟು ಉದ್ದಕ್ಕೆ ಹೋಗುವುದೇ ಅಪರೂಪ. ದೊಡ್ಡಪ್ಪ ಮಾತ್ರ ಪ್ರತಿ ಭಾನುವಾರ ಹೋಗುತ್ತಾರೆ.

ಕಾರಣ ಗೊತ್ತಾದಮೇಲೆ ದೊಡ್ಡಪ್ಪನ ಜೊತೆ ಸಂಧಾನ. "ದೊಡ್ಡಪ್ಪಾ, ಹೆಸರು ಸ್ವಲ್ಪ ಚಿಕ್ಕದು ಮಾಡ್ತೀರಾ?" ಅಂದೆ. "ಚಿಕ್ಕದು ಮಾಡಿದ್ರೆ ಯಾವ ಜಾತ್ರೆ ಅಂತ ಹೆಂಗೆ ಗೊತ್ತಾಗ್ತತಪಾ? ನಿನ್ನ ಡಬ್ಬ ದೊಡ್ಡದು ಮಾಡು." ಪಾಯಿಂಟ್ ಸರಿಯಾಗಿಯೇ ಇತ್ತು. ಡಬ್ಬವನ್ನೇ ದೊಡ್ಡದು ಮಾಡುವುದು ಅಂತ ಆಯಿತು. ಭಜನೆಗೆ ಎನ್‌ಕ್ರಿಪ್ಷನ್ ಯಾಕೆ ಬೇಕು ಹೇಳಿ? ಅಣ್ಣನ ನ್ಯಾಸ್‌ನಲ್ಲಿ ಮಾಮೂಲಿ ಶೇರ್ ಒಂದು ಮಾಡಿ ರೆಕಾರ್ಡಿಂಗ್‌ಗಳನ್ನೆಲ್ಲ ಅದಕ್ಕೆ ತಿರುಗಿಸಿದೆ. ಮಿತಿ 255ಕ್ಕೆ ಏರಿತು.

ಎನ್‌ಕ್ರಿಪ್ಟ್ ಶೇರ್ ಬಿಡಲು ಇನ್ನೊಂದು ಕಾರಣವೂ ಇತ್ತು. ಅಲ್ಲಿ ಕರೆಂಟ್ ಹೋಗಿ ಬಂದಾಗ ಡಬ್ಬ ತಾನೇ ಎದ್ದು ಕೂರುತ್ತದೆ, ಆದರೆ ಆ ಶೇರ್ ಮೌಂಟ್ ಆಗುವುದಿಲ್ಲ, ಯಾರಾದರೂ ಪಾಸ್‌ವರ್ಡ್ ಹಾಕಬೇಕು. ಆಗ ಸಿಂಕ್‌ಥಿಂಗ್ ಕಣ್ಣಿಗೆ ಫೋಲ್ಡರ್ ಖಾಲಿ. ಖಾಲಿ ಅಂದರೆ ಎಲ್ಲ ಡಿಲೀಟ್ ಆಗಿದೆ ಅಂತ ತಿಳಿದು ಮೂರೂ ಕಡೆ ಅಳಿಸಿಬಿಟ್ಟರೆ? ಹಾಗಾಗದೆ ಉಳಿದದ್ದು ಎಸ್‌ಟಿಫೋಲ್ಡರ್ ಎಂಬ ಗುರುತಿನ ಫೋಲ್ಡರಿನಿಂದ. ಆ ಗುರುತು ಕಾಣದಿದ್ದರೆ ಸಿಂಕ್‌ಥಿಂಗ್ ಎರರ್ ಕೊಟ್ಟು ಸುಮ್ಮನೆ ನಿಲ್ಲುತ್ತದೆ, ಏನನ್ನೂ ಮುಟ್ಟುವುದಿಲ್ಲ. ಯಾವುದೋ ಬೇಡದ ಫೋಲ್ಡರ್ ಬಿದ್ದಿದೆ ಅಂತ ಅದನ್ನು ಯಾರೂ ಅಳಿಸಬೇಡಿ.

ಕರೆಂಟ್ ವಿಷಯ ಬಂತಲ್ಲ, ಮುಂದಿನ ಪ್ರಾಜೆಕ್ಟ್ ಅದೇ. ಮನೆ ಇನ್ವರ್ಟರ್ ಸ್ವಿಚ್ ಆಗುವ ಆ ಒಂದು ಕ್ಷಣಕ್ಕೇ ನನ್ನ ಪಿಸಿ ಸಾಯುತ್ತದೆ, ಪೈ ಕೂಡ. ಎಸಿಯಿಂದ ಡಿಸಿ, ಡಿಸಿಯಿಂದ ಎಸಿ, ಮತ್ತೆ ಡಿಸಿ ಅಂತ ಸುತ್ತಿ ಬಳಸಿ ಬರುವುದು ಯಾಕೆ? 3.2 ವೋಲ್ಟಿನ ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಸಾಲಾಗಿ ಜೋಡಿಸಿದರೆ 12.8 ವೋಲ್ಟ್. ಫುಲ್ ಚಾರ್ಜ್‌ನಲ್ಲಿ 14.6ಕ್ಕೆ ಹೋಗುತ್ತದೆ, 12 ವೋಲ್ಟ್ ಬೇಡುವ ನ್ಯಾಸ್‌ಗೆ ಅದು ಜಾಸ್ತಿ, ಆದ್ದರಿಂದ ನಡುವೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡುವ ಬಕ್-ಬೂಸ್ಟ್ ಬೇಕೇ ಬೇಕು. ಬ್ಯಾಟರಿ ಇಳಿದಾಗ ಮೂರೂ ಡಬ್ಬಕ್ಕೆ ಮರ್ಯಾದೆಯಿಂದ ಮಲಗಲು ಹೇಳುವುದಕ್ಕೆ ಎನ್‌ಯುಟಿ ಎಂಬ ಸಾಫ್ಟ್‌ವೇರ್. ಸೆಲ್ ಮಾರುವವರೊಬ್ಬರು "ಎ ಗ್ರೇಡ್" ಅಂತ ಫೋಟೋ ಕಳಿಸಿದ್ದಾರೆ, ಫೋಟೋದಲ್ಲಿ ಕ್ಯೂಆರ್ ಕೋಡ್ ಮೇಲೆ ಬೆರಳು. ಕೇಬಲ್ ಆದಮೇಲೆ ನನಗೆ ಎಲ್ಲದರ ಮೇಲೂ ಅನುಮಾನ.

ವಾಪಸ್ ಹೆಸರಿಗೆ ಬರೋಣ. 255 ಸಿಕ್ಕಿತು ಅಂತ 255ರವರೆಗೂ ತುಂಬಿಸಬಾರದು. ಒಂದೇ ಫೈಲು ಎರಡು ಕಡೆ ಬೇರೆ ಬೇರೆಯಾಗಿ ಬದಲಾಗಿ ಕಾನ್ಫ್ಲಿಕ್ಟ್ ಆದರೆ ಸಿಂಕ್‌ಥಿಂಗ್ ಹೆಸರಿನ ಮಧ್ಯೆ ದಿನಾಂಕ, ಸಮಯ, ಡಿವೈಸ್ ಗುರುತು ಎಲ್ಲ ಸೇರಿಸುತ್ತದೆ, ಅದು 38 ಬೈಟ್. ಹಳೇ ವರ್ಷನ್ ಎತ್ತಿಡುವಾಗ 16. ನಾನು 200ಕ್ಕೆ ಗೆರೆ ಎಳೆದೆ. ಅದನ್ನು ದಾಟಿದ ಹೆಸರುಗಳಿಗೆ ಒಂದು ಪೈಥಾನ್ ಸ್ಕ್ರಿಪ್ಟ್. ಮೊದಲ ಓಟದಲ್ಲಿ ಬೈಟ್ ಎಣಿಸಿ ಎಲ್ಲೆಂದರಲ್ಲಿ ಕತ್ತರಿಸಿತು, ತಿಪ್ಪೇರುದ್ರಸ್ವಾಮಿ "ತಿಪ್ಪೇರುದ್ರಸ್" ಆದರು. ದೇವರ ಹೆಸರಿಗೆ ಹಲಂತ ಹಾಕಿ ನಿಲ್ಲಿಸಿದ್ದನ್ನು ದೊಡ್ಡಪ್ಪ ನೋಡಿದ್ದರೆ ಅಷ್ಟೇ. ಅದು ಟೆಸ್ಟ್ ಫೋಲ್ಡರ್, ಪುಣ್ಯ. ಈಗ ಮಿತಿಯೊಳಗಿನ ಕೊನೆಯ ಖಾಲಿ ಜಾಗ ಹುಡುಕಿ ಅಲ್ಲಿ ಕತ್ತರಿಸುತ್ತದೆ, ಪದ ಒಡೆಯುವುದಿಲ್ಲ. ಪೂರ್ತಿ ಹೆಸರು ಎಂಪಿ3ಯ ಟೈಟಲ್ ಟ್ಯಾಗ್‌ನಲ್ಲಿ ಇರುತ್ತದೆ, ಅಲ್ಲಿ ಈ ಮಿತಿಯ ಕಾಟ ಇಲ್ಲ. ದೊಡ್ಡಪ್ಪ ಇದಕ್ಕೆ ಒಪ್ಪಿದರು.

ಬರೀ ಹೆಸರು ಬದಲಾದರೆ ನೆಟ್ ಖರ್ಚಾಗುವುದಿಲ್ಲ, ಆ ಕಡೆ ಇರುವ ಹಳೇ ಫೈಲಿನ ಬ್ಲಾಕ್‌ಗಳನ್ನೇ (ತುಂಡುಗಳನ್ನೇ) ಸಿಂಕ್‌ಥಿಂಗ್ ಬಳಸಿಕೊಳ್ಳುತ್ತದೆ. ಟ್ಯಾಗ್ ಬರೆಯುವುದು ಬೇರೆ ಮಾತು. ತಲೆಯ ಹತ್ತಿರ ಜಾಗ ಸಾಲದಿದ್ದರೆ ಹಿಂದಿನ ಆಡಿಯೋ ಎಲ್ಲ ಸರಿಯುತ್ತದೆ, ಬ್ಲಾಕ್ ಹೊಂದುವುದಿಲ್ಲ, ಫೈಲು ಮತ್ತೆ ಪೂರ್ತಿ ಹೋಗಬೇಕಾಗಬಹುದು. ಆದ್ದರಿಂದ ಟ್ಯಾಗ್ ಕೆಲಸ ದೊಡ್ಡಪ್ಪನ ಲ್ಯಾಪ್‌ಟಾಪ್‌ನಲ್ಲೇ, ಪೈಗೆ ಹಾಕುವ ಮುಂಚೆ.

ಬಾಕಿ ಇರುವುದು ಕಾಗದಪತ್ರದ ಫೋಲ್ಡರ್. ಪಹಣಿ, ಆಧಾರ್ ಸ್ಕ್ಯಾನ್ ಇರುವ ಅದಕ್ಕೆ ಎನ್‌ಕ್ರಿಪ್ಷನ್ ಬೇಕು. ಇಕ್ರಿಪ್ಟ್‌ಎಫ್‌ಎಸ್ ಬೇಡ, ಸಿಂಕ್‌ಥಿಂಗ್‌ನದೇ ರಿಸೀವ್ ಎನ್‌ಕ್ರಿಪ್ಟೆಡ್ ಹಾಕುತ್ತೇನೆ, ಅದರಲ್ಲಿ ಪಡೆಯುವ ಕಡೆ ಬರೀ ಗೂಢಲಿಪಿಯೇ ಇರುತ್ತದೆ. ಅದೂ ಹೆಸರನ್ನು ಗೂಢ ಮಾಡುತ್ತದೆ, ಆದರೆ ಉದ್ದವಾದರೆ 200ರ ತುಂಡು ಮಾಡಿ ಫೋಲ್ಡರ್ ಒಳಗೆ ಫೋಲ್ಡರ್ ಆಗಿ ಇಡುತ್ತದೆ, ಮಾಮೂಲಿ ಶೇರ್‌ನಲ್ಲಿ ಅದು ಆರಾಮಾಗಿ ಕೂರುತ್ತದೆ. ಅಣ್ಣ ಅಲ್ಲಿಂದ ಆ ಫೈಲುಗಳನ್ನು ತೆಗೆದು ಓದಲು ಆಗುವುದಿಲ್ಲ, ಅವನಿಗೆ ಬೇಕಾಗಿಯೂ ಇಲ್ಲ, ಟಿವಿಯಲ್ಲಿ ಭಜನೆ ಬಂದರೆ ಸಾಕು. ಇದಕ್ಕೆ ಅಂತ ತರಿಸಿದ ಡಿಸ್ಕ್ ಮಾತ್ರ ಕೈಕೊಟ್ಟಿದೆ. ಸಿಎಂಆರ್ ಅಂತ ಆರ್ಡರ್ ಮಾಡಿದರೆ ಎಸ್‌ಎಂಆರ್ ಮಾಡೆಲ್ (ಡೇಟಾದ ಸಾಲುಗಳನ್ನು ಒಂದರ ಮೇಲೊಂದು ಹಾಯುವಂತೆ ಬರೆಯುವ, ಮತ್ತೆ ಬರೆಯುವಾಗ ನಿಧಾನವಾಗುವ ಜಾತಿ) ಬಂದಿದೆ. ಮಾರಿದವರು "ಎರಡೂ ಒಂದೇ ಸರ್, ಒಂದಕ್ಷರ ತಾನೇ" ಅನ್ನುತ್ತಾರೆ. ರಿಟರ್ನ್ ಹಾಕಿದ್ದೇನೆ, ಒಯ್ಯಲು ಕೊರಿಯರ್‌ನವರು ಇನ್ನೂ ಬಂದಿಲ್ಲ.