ಬಳ್ಳಾರಿಗೆ ಸುಷ್ಮಾ ಬಂದ ವರ್ಷ

1999ರಲ್ಲಿ ನಾನು ಇದೇ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಆ ವರ್ಷ ಲೋಕಸಭೆಗೆ ಬಳ್ಳಾರಿಯಿಂದ ಸೋನಿಯಾ ಗಾಂಧಿ ನಿಂತರು. ಎದುರಿಗೆ ಸುಷ್ಮಾ ಸ್ವರಾಜ್. 1952ರಿಂದ ಅಲ್ಲಿಯವರೆಗೂ ಕಾಂಗ್ರೆಸ್ ಸೋತೇ ಇರದ ಕ್ಷೇತ್ರ ಇದು. ನಮ್ಮ ಕ್ಲಾಸಿನಲ್ಲಿ ಎರಡೂ ಕಡೆಯವರಿದ್ದರು, ದಿನಾ ಜಗಳ.

ರಾಜ್ಯಶಾಸ್ತ್ರದ ಮೇಷ್ಟ್ರು ಒಂದು ದಿನ ಪಾಠ ನಿಲ್ಲಿಸಿ, ಪಕ್ಷ ಬದಿಗಿಟ್ಟು ಈಕೆ ಬಂದ ದಾರಿ ನೋಡಿ ಎಂದರು. 1977ರಲ್ಲಿ ಹರಿಯಾಣದ ದೇವಿಲಾಲ್ ಸಂಪುಟ ಸೇರಿದಾಗ ಅವರಿಗೆ ಬರೀ 25 ವರ್ಷ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮಗಿಂತ ಹೆಚ್ಚೆಂದರೆ ಐದಾರು ವರ್ಷ ದೊಡ್ಡವರು, ಅಲ್ವಾ? 1998ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವೆಯಾಗಿದ್ದಾಗ ಸಿನಿಮಾಕ್ಕೆ ಉದ್ಯಮದ ಮಾನ್ಯತೆ ಕೊಡಿಸಿದರು. ಅದೇ ವರ್ಷ ದೆಹಲಿಯ ಮೊದಲ ಮಹಿಳಾ ಮುಖ್ಯಮಂತ್ರಿಯೂ ಆದರು.

ಆದರೆ ನಮ್ಮನ್ನು ಗೆದ್ದದ್ದು ಅವರ ಕನ್ನಡ. ಪ್ರಚಾರಕ್ಕೆ ಸಿಕ್ಕ ಕೆಲವೇ ದಿನಗಳಲ್ಲಿ ಕಲಿತು, ಸಭೆಗಳಲ್ಲಿ ಧೈರ್ಯವಾಗಿ ಮಾತನಾಡಿದರು. ಹರಿಯಾಣದ ಹೆಣ್ಣುಮಗಳು ನಮ್ಮ ಮಾತು ಕಲಿತು ವೋಟು ಕೇಳುತ್ತಾಳಲ್ಲ ಎಂದು ಮನೆಯ ಹಿರಿಯರೂ ಬೆರಗಾದರು. ಸುಮಾರು 56 ಸಾವಿರ ವೋಟಿನಿಂದ ಸೋತರು. ಸೋತ ಮೇಲೆ ಸಾಮಾನ್ಯವಾಗಿ ಯಾರೂ ಈ ಕಡೆ ತಲೆ ಹಾಕುವುದಿಲ್ಲ. ಇವರು ಮಾತ್ರ ಎಷ್ಟೋ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು. ಅವರ ಮೇಲೆ ನನಗೆ ಗೌರವ ಬೆಳೆದದ್ದು ಇದರಿಂದಲೇ.

ಎಲ್ಲವೂ ಮೆಚ್ಚುಗೆಯಲ್ಲ. ಸೋನಿಯಾ ಪ್ರಧಾನಿಯಾದರೆ ತಲೆ ಬೋಳಿಸಿಕೊಳ್ಳುತ್ತೇನೆ ಎಂದು 2004ರಲ್ಲಿ ಹೇಳಿದ್ದು ನನಗೆ ಇವತ್ತಿಗೂ ಹಿಡಿಸಿಲ್ಲ. ಅಷ್ಟು ಚೆನ್ನಾಗಿ ವಾದ ಮಾಡಬಲ್ಲವರಿಗೆ ಅದು ಬೇಕಿರಲಿಲ್ಲ.

2014ರಲ್ಲಿ ವಿದೇಶಾಂಗ ಸಚಿವೆಯಾದರು. ಇಂದಿರಾ ಗಾಂಧಿಯ ನಂತರ ಆ ಖಾತೆ ನೋಡಿಕೊಂಡ ಮಹಿಳೆ ಇವರೇ. ಮರುವರ್ಷ ಯುದ್ಧ ನಡೆಯುತ್ತಿದ್ದ ಯೆಮೆನ್‌ನಿಂದ 4,600ಕ್ಕೂ ಹೆಚ್ಚು ಭಾರತೀಯರನ್ನು ಕರೆತರಲಾಯಿತು. ಪರದೇಶದಲ್ಲಿ ಸಿಕ್ಕಿಬಿದ್ದ ಕೂಲಿಯವರು ಟ್ವಿಟರ್‌ನಲ್ಲಿ ಬರೆದರೂ ಉತ್ತರ ಸಿಗುತ್ತಿತ್ತು. ಪಾಸ್‌ಪೋರ್ಟ್ ಕೆಲಸ ಅಂಚೆ ಕಚೇರಿಗೆ ಬಂದದ್ದೂ ಅವರ ಕಾಲದಲ್ಲೇ. 2017ರ ಜನವರಿಯಲ್ಲಿ ಅದು ಮೊದಲು ಶುರುವಾದ ಊರುಗಳಲ್ಲಿ ನಮ್ಮ ಮೈಸೂರೂ ಒಂದು.

2019ರ ಆಗಸ್ಟ್ 6ರಂದು ಅವರು ತೀರಿಕೊಂಡರು.

ಈಗ ಇಲ್ಲಿ ಓದುತ್ತಿರುವ ಹುಡುಗಿಯರಲ್ಲಿ ಒಂದು ಕೋರಿಕೆ. ದೇವೇಗೌಡರು 1996ರ ಜೂನ್‌ನಲ್ಲಿ ವಿಶ್ವಾಸಮತ ಕೇಳಿದಾಗ ಸುಷ್ಮಾ ಲೋಕಸಭೆಯಲ್ಲಿ ಮಾಡಿದ ಭಾಷಣ ಹುಡುಕಿ ಕೇಳಿ. ಅವರ ಮಾತನ್ನು ಒಪ್ಪಲೇಬೇಕೆಂದಿಲ್ಲ. ಚರ್ಚಾಸ್ಪರ್ಧೆಗೆ ಹೋಗುವ ಮುಂಚೆ ಒಮ್ಮೆ ಕೇಳಿದರೆ ಸಾಕು.