ಸೈಡ್ ವಿಂಗಿನಿಂದ ಕಂಡ ಚಿಕ್ಕಪ್ಪ

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ನನಗೆ ನೆನಪಾದದ್ದು ತರಗತಿಯಲ್ಲ, ರಂಗದ ಪಕ್ಕದ ಒಂದು ಮುರುಕು ಸ್ಟೂಲು. ಎರಡನೇ ಬಿ.ಎ.ಯಲ್ಲಿದ್ದಾಗ ಕಾಲೇಜ್ ಡೇಗೆ ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಆಡಿದೆವು. ನನಗೆ ಅಭಿನಯ ಬರುತ್ತಿರಲಿಲ್ಲ, ಅಕ್ಷರ ಮಾತ್ರ ದುಂಡಗಿತ್ತು. ಹಾಗಾಗಿ ಇಂಗ್ಲಿಷ್ ಮೇಷ್ಟ್ರು ಹೇಳುತ್ತಾ ಹೋದ ಕನ್ನಡವನ್ನು ನೋಟ್‌ಬುಕ್ಕಿಗೆ ಇಳಿಸುವುದು, ನಾಟಕದ ದಿನ ಮರೆಯಲ್ಲಿ ಕೂತು ಮಾತು ಎತ್ತಿಕೊಡುವುದು ಎರಡೂ ನನ್ನ ಪಾಲಿಗೆ ಬಂದವು.

“ಕುವೆಂಪು ಇದನ್ನೇ ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದಿದ್ದಾರಲ್ಲ, ಅದನ್ನೇ ಆಡಿಸಿ” ಎಂದರು ಕನ್ನಡ ವಿಭಾಗದವರು. ಮೇಷ್ಟ್ರು ಒಪ್ಪಲಿಲ್ಲ. ಅವರಿಗೆ ಡೆನ್ಮಾರ್ಕೇ ಬೇಕು, ಎಲ್ಸಿನೋರ್ ಕೋಟೆಯ ಆ ನಡುರಾತ್ರಿಯ ಚಳಿಯೇ ಬೇಕು. ನಾಟಕದ ಮೊದಲ ಮಾತು “ಯಾರಲ್ಲಿ?” ಎಂಬುದು. ಅದನ್ನು ಕೇಳುವವನು ಕಾವಲು ನಿಂತವನಲ್ಲ, ಪಾಳಿ ಬದಲಿಸಲು ಬಂದವನು. “ನೋಡ್ರಯ್ಯಾ, ಕೇಳಬೇಕಾದವನು ಸುಮ್ಮನಿದ್ದಾನೆ, ಹೇಳಬೇಕಾದವನು ಕೇಳ್ತಿದ್ದಾನೆ. ರಾಜ್ಯ ಹದಗೆಟ್ಟಿದೆ ಅಂತ ತಿಳಿಯೋಕೆ ಇನ್ನೇನು ಬೇಕು?” ಎಂದು ಅರ್ಧ ಪೀರಿಯಡ್ಡನ್ನು ಅಲ್ಲೇ ಕಳೆದಿದ್ದರು.

ಅನುವಾದದಲ್ಲಿ ನಮ್ಮನ್ನು ನಿಜವಾಗಿ ಕಾಡಿದ್ದು ಒಂದೇ ಒಂದು ಮಾತು. ಹ್ಯಾಮ್ಲೆಟ್‌ನ ಅಪ್ಪನನ್ನು, ಅಂದರೆ ತನ್ನ ಅಣ್ಣನನ್ನೇ, ಕಿವಿಗೆ ವಿಷ ಹುಯ್ದು ಕೊಂದ ಕ್ಲಾಡಿಯಸ್ ಎರಡು ತಿಂಗಳೊಳಗೆ ಅತ್ತಿಗೆಯನ್ನೂ ಕಿರೀಟವನ್ನೂ ತನ್ನದಾಗಿಸಿಕೊಂಡಿದ್ದಾನೆ. ಅವರಿಬ್ಬರನ್ನು ಹ್ಯಾಮ್ಲೆಟ್ ‘ಅಂಕಲ್-ಫಾದರ್’, ‘ಆಂಟ್-ಮದರ್’ ಎಂದು ಕುಟುಕುತ್ತಾನೆ. ಕನ್ನಡದಲ್ಲಿ ಈ ಕುಟುಕು ಕುಟುಕುವುದೇ ಇಲ್ಲ. ನಮಗೆ ಚಿಕ್ಕಪ್ಪ ಮೊದಲಿನಿಂದಲೂ ಅಪ್ಪನೇ! ಮೂಲದಲ್ಲಿ ಅವನು ಬರೀ ‘ತಂದೆಯ ಸೋದರ’; ಹಿರಿಯನೋ ಕಿರಿಯನೋ ಇಂಗ್ಲಿಷಿಗೆ ಬೇಕಿಲ್ಲ. ಚಿಕ್ಕಪ್ಪನೆಂದು ನಾವೇ ತೀರ್ಮಾನಿಸಿಕೊಂಡೆವು. ವಾರ ಕಳೆದ ಮೇಲೆ ಮೇಷ್ಟ್ರು ಕ್ಯಾಂಟೀನಿನಲ್ಲಿ ಚಹದ ಲೋಟ ಮೇಜಿಗೆ ಕುಕ್ಕಿ, “ಬರ್ಕೊಳ್ಳೋ: ಚಿಕ್ಕಪ್ಪ ಅಪ್ಪನಾದ, ಅಮ್ಮ ಚಿಕ್ಕಮ್ಮಳಾದಳು” ಎಂದರು. ಇಂಗ್ಲಿಷಿಗಿಂತ ಇದೇ ಚೂಪಾಗಿದೆ ಎಂದು ಇವತ್ತಿಗೂ ನನ್ನ ಅಭಿಪ್ರಾಯ.

ತಾಲೀಮು ನಡೆದಿರುವಾಗಲೇ ನಮ್ಮಪ್ಪ ತೀರಿಕೊಂಡರು. ಗದ್ದೆಯಿಂದ ಬಂದು ಜಗುಲಿಯಲ್ಲಿ ಕೂತವರು ಏಳಲಿಲ್ಲ. ತಿಥಿ ಮುಗಿದ ರಾತ್ರಿ ಚಿಕ್ಕಪ್ಪ ನನ್ನ ಪಕ್ಕ ಕೂತು, “ಹುಟ್ಟಿದವರು ಹೋಗಲೇಬೇಕು ಕಣೋ. ನಮ್ಮಪ್ಪನೂ ಹೋದ, ಅವನಪ್ಪನೂ ಹೋಗಿದ್ದ. ಎಷ್ಟು ದಿನ ಅಂತ ಹೀಗೆ ಕೂರ್ತೀಯಾ?” ಎಂದರು. ನನಗೆ ಮೈ ಜುಮ್ಮೆಂದಿತು. ನನ್ನ ನೋಟ್‌ಬುಕ್ಕಿನಲ್ಲಿ, ನನ್ನದೇ ಅಕ್ಷರದಲ್ಲಿ, ಕ್ಲಾಡಿಯಸ್ ತುಂಬಿದ ಸಭೆಯಲ್ಲಿ ಹ್ಯಾಮ್ಲೆಟ್‌ಗೆ ಹೇಳುವ ಮಾತು ಅದೇ. ಮಾತಿನಲ್ಲಿ ತಪ್ಪೇನೂ ಇಲ್ಲ, ಸಾವಿನ ಮನೆಯಲ್ಲಿ ಎಲ್ಲರೂ ಹೇಳುವುದೇ. ಆದರೆ ನಾಟಕದಲ್ಲಿ ಅದನ್ನು ಹೇಳುವವನು ಕೊಂದವನು.

ಮರುದಿನ ಚಿಕ್ಕಪ್ಪ, ತೀರಿಕೊಂಡವರ ಜಮೀನಿನ ಖಾತೆ ಬದಲಿಸುವ ಪೌತಿ ಖಾತೆಗೆಂದು ಕೆಲವು ಕಾಗದಗಳನ್ನು ತಂದು ಅಮ್ಮನಿಂದಲೂ ನನ್ನಿಂದಲೂ ಸಹಿ ಹಾಕಿಸಿಕೊಂಡರು. ಓದಿ ನೋಡುವ ಧೈರ್ಯ ನನಗಾಗಲಿಲ್ಲ. ಇಷ್ಟು ಅವಸರ ಯಾಕೆ? ಹ್ಯಾಮ್ಲೆಟ್ ಕೂಡ ಓದುತ್ತಿದ್ದ ಹುಡುಗ. ವಿಟೆನ್‌ಬರ್ಗ್‌ಗೆ ವಾಪಸ್ ಹೋಗುತ್ತೇನೆಂದರೆ ಅವನ ಚಿಕ್ಕಪ್ಪ ಬಿಡುವುದಿಲ್ಲ. ನನ್ನ ಚಿಕ್ಕಪ್ಪ ತಾವೇ ಬಸ್ಸಿಗೆ ಹತ್ತಿಸಿ, ಟಿಕೆಟ್ಟಿಗೆ ದುಡ್ಡು ಕೊಟ್ಟು ಕಳಿಸಿದ್ದರು. ಈ ವ್ಯತ್ಯಾಸ ಆಗ ನನ್ನ ತಲೆಗೇ ಬರಲಿಲ್ಲ. ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕಿವಿಗೆ ವಿಷ ಹುಯ್ಯುವ ಕನಸು.

ನಾಟಕದ ದಿನ ಚಿಕ್ಕಪ್ಪ ಬಂದಿದ್ದರು, ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು. ಕೊಂದವನ ಗುಟ್ಟು ಬಯಲು ಮಾಡಲು ಹ್ಯಾಮ್ಲೆಟ್ ಆಡಿಸುವ ನಾಟಕದೊಳಗಿನ ನಾಟಕ ಶುರುವಾಯಿತು. ಮಲಗಿದ ರಾಜನ ಕಿವಿಗೆ ವಿಷ ಬೀಳುವಾಗ ಕ್ಲಾಡಿಯಸ್‌ನ ಮುಖವನ್ನೇ ನೋಡುತ್ತಿರು ಎಂದು ಹ್ಯಾಮ್ಲೆಟ್ ಗೆಳೆಯ ಹೊರೇಷಿಯೋಗೆ ಹೇಳಿರುತ್ತಾನಲ್ಲ, ನಾನು ಪರದೆಯ ಸಂದಿನಿಂದ ಚಿಕ್ಕಪ್ಪನ ಮುಖ ನೋಡುತ್ತಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅತ್ತ ರಂಗದ ಮೇಲೆ ರಾಣಿ ಮಾತು ಮರೆತು ನನ್ನ ಕಡೆ ಕಣ್ಣರಳಿಸಿ ನಿಂತಿದ್ದಾಳೆ. ನಾನು ಯಾವ ಪುಟದಲ್ಲಿದ್ದೇನೆಂದು ನನಗೇ ಗೊತ್ತಿಲ್ಲ. ಕೊನೆಗೆ ಪರದೆಯ ಹಿಂದೆ ಸಾಯಲು ಕಾದಿದ್ದ ಪೊಲೋನಿಯಸ್ ಪಾತ್ರದವನು ಪುಸ್ತಕ ಕಿತ್ತುಕೊಂಡು ಮಾತು ಎತ್ತಿಕೊಟ್ಟ.

ತಾಲೀಮಿನಲ್ಲಿ ಮೇಷ್ಟ್ರು ಹೇಳಿದ್ದ ಒಂದು ಸೂಕ್ಷ್ಮ ಆಗ ನೆನಪಾಗಬೇಕಿತ್ತು. ಆ ಒಳನಾಟಕದಲ್ಲಿ ವಿಷ ಹಿಡಿದು ಬರುವವನನ್ನು ಹ್ಯಾಮ್ಲೆಟ್ ರಾಜನ ತಮ್ಮ ಎನ್ನುವುದಿಲ್ಲ. ‘ನೆಫ್ಯೂ’ ಎನ್ನುತ್ತಾನೆ, ಅಣ್ಣನ ಮಗ.

ಉಳಿದದ್ದು ಬೇಗ ಮುಗಿಯಿತು. ಕತ್ತಿವರಸೆಯಲ್ಲಿ ಒಂದು ಕತ್ತಿ ಮುರಿಯಿತು, ನಾಲ್ವರು ಸತ್ತರು, ಸತ್ತವರಲ್ಲಿ ಒಬ್ಬ ಸೀನಿದ. ಜನ ಶಿಳ್ಳೆ ಹಾಕಿದರು.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಚಿಕ್ಕಪ್ಪ, “ಆ ಹುಡುಗನಿಗೆ ನೆಮ್ಮದಿಯಾಗಿ ಅಳೋಕೂ ಬಿಡ್ಲಿಲ್ಲವಲ್ಲೋ” ಎಂದರು. ಆಮೇಲೆ ಚೀಲಕ್ಕೆ ಕೈ ಹಾಕಿ ಪಹಣಿ ತೆಗೆದರು. ಅದಕ್ಕೇ ಬೆಳಿಗ್ಗೆಯಿಂದ ತಾಲ್ಲೂಕು ಕಚೇರಿಯಲ್ಲಿ ಕಾದಿದ್ದರಂತೆ. ಬೀದಿದೀಪದ ಕೆಳಗೆ ಹಿಡಿದು ನೋಡಿದೆ. ಜಮೀನಿನ ಒಡೆಯರ ಹೆಸರಿರುವ 9ನೇ ಕಲಮಿನಲ್ಲಿ ಅಮ್ಮನ ಹೆಸರು, ಅದರ ಕೆಳಗೆ ನನ್ನದು, ತಂಗಿಯದು.

“ಮಡಚಬೇಡ, ಪುಸ್ತಕದೊಳಗೆ ಇಟ್ಕೋ” ಎಂದರು. ನನ್ನ ಕೈಯಲ್ಲಿದ್ದದ್ದು ಆ ನೋಟ್‌ಬುಕ್ಕೇ.