ಫಸ್ಟ್ ಪಿಯುಸಿಲಿ ಎನ್‌ಪಿಟೆಲ್ ಎಕ್ಸಾಮ್ ಬರೆಯೋಕೆ ಹೋದ ಭಾನುವಾರ

ಗೇಟಲ್ಲಿ ಸೆಕ್ಯೂರಿಟಿ ಅಂಕಲ್ "ಸರ್, ಹಾಲ್ ಟಿಕೆಟ್ ತೋರ್ಸಿ" ಅಂತ ಕೈ ಚಾಚಿದ್ದು ನನ್ ಕಡೆಗಲ್ಲ, ನಮ್ಮಪ್ಪನ ಕಡೆಗೆ. ಅಪ್ಪ ಅವತ್ತು ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿದ್ರು, ಜೇಬಲ್ಲಿ ಎರಡು ಪೆನ್ನು, ಕಂಕುಳಲ್ಲಿ ನನ್ ಫೈಲು, ಯಾರ್ ನೋಡಿದ್ರೂ ಯಾವ್ದೋ ಕಾಲೇಜಿನ ಲೆಕ್ಚರರ್ ಅನ್ಕೋಬೇಕು ಹಂಗಿದ್ರು. ಒಂದ್ ಸೆಕೆಂಡ್ ಏನೂ ಮಾತಾಡ್ಲಿಲ್ಲ. ಆಮೇಲೆ "ನಾನಲ್ಲ ಸಾರ್, ನಮ್ ಹುಡುಗಿ" ಅಂದ್ರು. ಎಸ್ಸೆಸ್ಸೆಲ್ಸಿ ಆದ್ಮೇಲೆ ಯಶವಂತಪುರ ಎಪಿಎಂಸಿ ಯಾರ್ಡಲ್ಲಿ ಬೆಳ್ಳುಳ್ಳಿ ಮಂಡಿ ಲೆಕ್ಕ ಬರೆಯೋಕೆ ಸೇರಿದೋರು ಅವ್ರು, ಇನ್ನೂ ಅದನ್ನೇ ಬರೀತಿದಾರೆ. ಆ ಒಂದ್ ಸೆಕೆಂಡ್ ಯಾಕೆ ಸುಮ್ನಿದ್ರು ಅಂತ ನಾನು ಕೇಳಿಲ್ಲ.

ಎನ್‌ಪಿಟೆಲ್ ಗೊತ್ತಿಲ್ದೇ ಇರೋರಿಗೆ ಹೇಳ್ಬಿಡ್ತೀನಿ. ಐಐಟಿಗಳು ಮತ್ತೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ ಸೇರ್ಕೊಂಡು 2003ರಲ್ಲಿ ಶುರು ಮಾಡಿದ್ದು (ಐಐಎಸ್‌ಸಿ ಅಂತ ಹೇಳ್ಬೇಕು, ಆದ್ರೆ ಮತ್ತೀಕೆರೆಲಿ ಬೆಳೆದೋರಿಗೆ ಅದು ಯಾವತ್ತಿದ್ರೂ ಟಾಟಾ ಇನ್‌ಸ್ಟಿಟ್ಯೂಟೇ). ಡಿಗ್ರಿ ಲೆವೆಲ್ ಪಾಠಗಳ ವಿಡಿಯೋ ಇರ್ತವೆ, ಯಾರ್ ಬೇಕಾದ್ರೂ ಸೇರ್ಬೋದು, ಸೇರೋದು ಫ್ರೀ, ಎಕ್ಸಾಮ್ ಬರೆದು ಸರ್ಟಿಫಿಕೇಟ್ ಬೇಕು ಅಂದ್ರೆ ಮಾತ್ರ ದುಡ್ಡು. ನಾನು ಕಟ್ಟಿದ್ದು 1000 ರೂಪಾಯಿ. ನಮ್ ಮನೆ ಮೇಲಿದ್ದ ಇಂಜಿನಿಯರಿಂಗ್ ಓದ್ತಿದ್ದ ಅಕ್ಕ ಲೀನಿಯರ್ ಆಲ್ಜೀಬ್ರಾ ಕೋರ್ಸ್ ತಗೊಂಡಿದ್ಲು, "ನಿಂಗೆ ಮ್ಯಾಥ್ಸ್ ಇಷ್ಟ ಅಲ್ವಾ, ನೀನೂ ಸೇರ್ಕೋ" ಅಂದ್ಲು, ಸೇರ್ಕೊಂಡೆ. ಅವಳು ಎರಡನೇ ವಾರಕ್ಕೇ ಬಿಟ್ಬಿಟ್ಲು ಅನ್ನೋದು ಬೇರೆ ವಿಷಯ.

ನಾನು ಹತ್ತನೇ ಕ್ಲಾಸ್‌ವರ್ಗೂ ಕನ್ನಡ ಮೀಡಿಯಂ. ವಾರಕ್ಕೆ ಹೆಚ್ಚುಕಮ್ಮಿ ಎರಡೂವರೆ ಗಂಟೆ ವಿಡಿಯೋ, 12 ವಾರ, ಎಲ್ಲಾ ಇಂಗ್ಲಿಷು. ಬೇರೆಯವ್ರು ಸ್ಪೀಡ್ ಜಾಸ್ತಿ ಮಾಡ್ಕೊಂಡ್ ನೋಡ್ತಾರಂತೆ, ನಾನು 0.75ಕ್ಕೆ ಇಟ್ಕೊಂಡು ನೋಡ್ತಿದ್ದೆ, ಪಾಪ ಆ ಪ್ರೊಫೆಸರ್ರು ನಿದ್ದೆಗಣ್ಣಲ್ಲಿ ಪಾಠ ಮಾಡ್ತಿರೋ ಹಾಗೆ ಕೇಳ್ಸೋದು. ಮೊದಲ್ನೇ ವಾರ ಗಾಸಿಯನ್ ಎಲಿಮಿನೇಶನ್ ಅಂತ ಬಂತು, ಹೆಸ್ರು ಕೇಳಿ ಭಯ ಆಯ್ತು, ಪೇಪರ್ ಮೇಲೆ ಮಾಡಿ ನೋಡಿದ್ರೆ ಅಯ್ಯೋ ಇದು ನಮ್ ಹತ್ತನೇ ಕ್ಲಾಸಿನ ವರ್ಜಿಸುವ ವಿಧಾನ! ಎರಡು ಸಮೀಕರಣ ಬದ್ಲು ನಾಲ್ಕೈದು, ಎಕ್ಸ್ ವೈ ಬರೆಯೋದನ್ನ ಬಿಟ್ಟು ಬರೀ ನಂಬರ್ ಇಟ್ಕೊಂಡಿದಾರೆ, ಅಷ್ಟೇ. ಆ ಖುಷಿಲಿ ಎರಡು ವಾರ ಓಡ್ತು.

ಮೂರನೇ ವಾರ ಲೀನಿಯರ್ ಇಂಡಿಪೆಂಡೆನ್ಸ್ ಅಂತ ಬಂತು ನೋಡಿ, ಅಲ್ಲಿ ಗಾಡಿ ನಿಂತೋಯ್ತು. ಡೆಫಿನಿಶನ್ ಬಾಯಿಪಾಠ ಆಗಿತ್ತು, ಒಳಗೆ ಏನೂ ಇಳ್ದಿರ್ಲಿಲ್ಲ. ಕಾಲೇಜಲ್ಲಿ ನಮ್ ಮ್ಯಾಥ್ಸ್ ಸರ್ ಹತ್ರ ಹೋದ್ರೆ "ಇದೆಲ್ಲಾ ಸಿಇಟಿಗೆ ಬರಲ್ಲಮ್ಮ, ಟ್ರಿಗ್ನಾಮೆಟ್ರಿ ಮುಗ್ಸಿದ್ಯಾ?" ಅಂದ್ರು. ಮುಗ್ಸಿರ್ಲಿಲ್ಲ, ಅದೂ ನಿಜ. ಅವತ್ತು ಸಂಜೆ ಮಲ್ಲೇಶ್ವರದಲ್ಲಿ ನಡ್ಕೊಂಡ್ ಬರ್ತಾ ಇದ್ದೆ, ಬಸ್ಸಿಗೆ ಇನ್ನೂ ಟೈಮಿತ್ತು, ಎಂಟನೇ ಕ್ರಾಸ್ ಹತ್ರ ಒಬ್ರು ಅಜ್ಜಿ ಅಡ್ರೆಸ್ ಕೇಳಿದ್ರು, ನಾನು "ಸಂಪಿಗೆ ರೋಡಲ್ಲಿ ಹಿಂಗೇ ಮೂರು ಕ್ರಾಸ್ ಮುಂದೆ ಹೋಗಿ, ಅಲ್ಲಿ ತಿರುಗಿ ಎರಡು ರಸ್ತೆ ದಾಟಿ" ಅಂತ ಹೇಳ್ತಾ ಹೇಳ್ತಾ ಅಲ್ಲೇ ನಿಂತ್ಬಿಟ್ಟೆ. ರೋಡುದ್ದಕ್ಕೆ ಇಷ್ಟು, ಕ್ರಾಸಲ್ಲಿ ಇಷ್ಟು, ಎರಡು ದಿಕ್ಕು ಇದ್ರೆ ಮಲ್ಲೇಶ್ವರದ ಯಾವ್ ಮನೆಗಾದ್ರೂ ದಾರಿ ಹೇಳ್ಬೋದು. ಅದೇ ಕ್ರಾಸೇ ಇಲ್ದೆ ಸಂಪಿಗೆ ರೋಡಿನ ದಿಕ್ಕು, ಮಾರ್ಗೋಸಾ ರೋಡಿನ ದಿಕ್ಕು ಅಂತ ಎರಡು ಕೊಟ್ರೆ? ಎರಡೂ ಒಂದೇ ದಿಕ್ಕು, ಎಷ್ಟ್ ಓಡಾಡಿದ್ರೂ ಒಂದೇ ಗೆರೆ ಮೇಲೆ ಇರ್ತೀರ. ಎರಡನೇದು ದಂಡ. ಡಿಪೆಂಡೆಂಟ್ ಅಂದ್ರೆ ಇಷ್ಟೇನಾ! ಅಜ್ಜಿ ನನ್ ಮುಖ ನೋಡಿ ಬೇರೆ ಯಾರನ್ನೋ ಕೇಳೋಕೆ ಹೋದ್ರು.

ಎಕ್ಸಾಮ್ ದಿನಕ್ಕೆ ಬರ್ತೀನಿ. ಸೆಂಟರ್ ಊರಾಚೆ ಒಂದು ಇಂಜಿನಿಯರಿಂಗ್ ಕಾಲೇಜು, ಬೆಳಿಗ್ಗೆ ಒಂಬತ್ತಕ್ಕೆ ಪೇಪರ್ರು, ಆರು ಗಂಟೆಗೆ ಯಶವಂತಪುರ ಬಿಟ್ಟು ಎರಡು ಬಸ್ ಬದಲಾಯಿಸಿ ಹೋದ್ವಿ. ಒಳಗೆ ನೋಡಿದ್ರೆ ಎಲ್ರೂ ಇಂಜಿನಿಯರಿಂಗ್ ಹುಡುಗ್ರು, ಜೊತೆಗೆ ನಿಜವಾಗ್ಲೂ ಲೆಕ್ಚರರ್‌ಗಳೂ ಇದ್ರು, ಅವ್ರಿಗೆ ಈ ಕೋರ್ಸು ಟ್ರೇನಿಂಗ್ ಲೆಕ್ಕಕ್ಕೆ ಬರುತ್ತಂತೆ. ಕಾರಿಡಾರಲ್ಲಿ ಪಕ್ಕ ಕೂತಿದ್ದ ಮೇಡಂ ಒಬ್ರು "ಯಾವ್ ಸೆಮ್ಮು?" ಅಂದ್ರು. "ಸೆಮ್ ಇಲ್ಲ ಮೇಡಂ, ಫಸ್ಟ್ ಪಿಯು." ಕಣ್ಣಗಲಿಸಿ ನೋಡಿ, ಆಮೇಲೆ ದನಿ ತಗ್ಗಿಸಿ "ಎಂಟನೇ ವಾರದ್ದು ನಿಂಗೆ ಅರ್ಥ ಆಯ್ತೇನೇ? ನಂಗಂತೂ ಆಗ್ಲಿಲ್ಲ ಕಣೆ" ಅಂದ್ರು. ನಂಗೂ ಆಗಿರ್ಲಿಲ್ಲ. ಆದ್ರೆ ಪಾಠ ಮಾಡೋರೊಬ್ರು ಅರ್ಥ ಆಗ್ಲಿಲ್ಲ ಅಂತ ಅಷ್ಟ್ ಆರಾಮಾಗಿ ಹೇಳಿದ್ದನ್ನ ನಾನು ಅಲ್ಲಿವರ್ಗೂ ನೋಡೇ ಇರ್ಲಿಲ್ಲ, ಹೊಟ್ಟೆಲಿ ಬೆಳಿಗ್ಗೆಯಿಂದ ಇದ್ದ ಗಂಟು ಸ್ವಲ್ಪ ಸಡಿಲ ಆಯ್ತು.

ಮೂರು ಗಂಟೆ ಪೇಪರ್, ಕಂಪ್ಯೂಟರ್ ಮೇಲೆ. ಅರ್ಧಕ್ಕರ್ಧ ಗೊತ್ತಿತ್ತು, ಕಾಲು ಭಾಗ ಊಹೆ, ಉಳಿದಿದ್ದು ದೇವ್ರಿಗೆ ಬಿಟ್ಟಿದ್ದು. ಕೊನೆಗೆ ಹತ್ತು ನಿಮಿಷ ಉಳಿದಾಗ ಅಪ್ಪನ ಮಾತು ನೆನಪಾಯ್ತು. ನಾನು ಏನ್ ಎಕ್ಸಾಮ್ ಬರೆದ್ರೂ ಅವ್ರು ಕೇಳೋದು ಒಂದೇ, "ತಾಳೆ ನೋಡಿದ್ಯಾ?" ಮಂಡಿ ಅಭ್ಯಾಸ, ಅಡ್ಡ ಕೂಡಿದ್ದು ಉದ್ದ ಕೂಡಿದ್ದು ತಾಳೆ ಬೀಳೋವರ್ಗೂ ಪುಸ್ತಕ ಮುಚ್ಚಲ್ಲ. ಮ್ಯಾಟ್ರಿಕ್ಸಲ್ಲೂ (ಚೌಕವಾಗಿ ಜೋಡ್ಸಿಟ್ಟ ನಂಬರ್‌ಗಳು) ಒಂದು ತಾಳೆ ಇದೆ, ಐಗನ್ ವ್ಯಾಲ್ಯೂ ಅಂತ ಆ ಮ್ಯಾಟ್ರಿಕ್ಸಿಂದ ಲೆಕ್ಕ ಮಾಡಿ ತೆಗೆಯೋ ವಿಶೇಷ ನಂಬರ್‌ಗಳಿರ್ತವೆ, ಅವನ್ನ ಕೂಡಿದ್ರೆ ಕರ್ಣದಲ್ಲಿರೋ ನಂಬರ್‌ಗಳ ಮೊತ್ತಾನೇ ಬರ್ಬೇಕು. ಒಂದ್ ಲೆಕ್ಕದಲ್ಲಿ ಕರ್ಣದಲ್ಲಿ 2 ಮತ್ತೆ 2, ಅಂದ್ರೆ 4. ನನ್ ಉತ್ತರ 3 ಮತ್ತೆ ಮೈನಸ್ 1, ಕೂಡಿದ್ರೆ 2. ತಾಳೆ ಇಲ್ಲ! ರಫ್ ಶೀಟ್ ತಿರುವಿ ನೋಡಿದ್ರೆ ಫ್ಯಾಕ್ಟರ್ ಮಾಡೋವಾಗ ಒಂದು ಮೈನಸ್ ಗುರ್ತನ್ನ ಎಲ್ಲೋ ಬೀಳ್ಸಿದೀನಿ, 3 ಮತ್ತೆ 1 ಆಗ್ಬೇಕಿತ್ತು. ತಿದ್ದಿದೆ.

ಹೊರಗ್ ಬಂದ್ರೆ ಅಪ್ಪ ಗೇಟ್ ಹತ್ರ ಹೊಂಗೆ ಮರದ ಕೆಳಗೆ ಅದೇ ಸೆಕ್ಯೂರಿಟಿ ಅಂಕಲ್ ಜೊತೆ ಬೆಳ್ಳುಳ್ಳಿ ರೇಟ್ ಮಾತಾಡ್ತಾ ನಿಂತಿದ್ರು.

ಕೆಲವು ವಾರ ಆದ್ಮೇಲೆ ರಿಸಲ್ಟ್ ಬಂತು. ಅಸೈನ್‌ಮೆಂಟ್ 25ಕ್ಕೆ 24, ಎಕ್ಸಾಮ್ 75ಕ್ಕೆ 34. ಒಟ್ಟು 60 ಬಂದಿದ್ರೆ ಸರ್ಟಿಫಿಕೇಟ್ ಮೇಲೆ ಎಲೈಟ್ ಅಂತ ಬರ್ತಿತ್ತು, ಎರಡೇ ಮಾರ್ಕ್ಸ್. ಈ ಸರ್ಟಿಫಿಕೇಟಿಂದ ಪಿಯು ಮಾರ್ಕ್ಸ್ ಕಾರ್ಡಿಗೂ ಏನೂ ಸೇರಲ್ಲ, ಸಿಇಟಿ ರ್‍ಯಾಂಕಿಗೂ ಸೇರಲ್ಲ, ಟ್ರಿಗ್ನಾಮೆಟ್ರಿ ಟೆಸ್ಟಲ್ಲಿ ಬೇರೆ ಎಡವಿದ್ದೆ, ಬೇಜಾರಲ್ಲಿ ಮೊಬೈಲ್ ಅಪ್ಪನ ಕೈಗೆ ಕೊಟ್ಟು ಸುಮ್ನೆ ಕೂತೆ. ಅವ್ರು ಕನ್ನಡಕ ಏರಿಸ್ಕೊಂಡು, ಸ್ಕ್ರೀನ್ ಮೇಲೆ ಬೆರಳಿಟ್ಟು ತುಟಿಯಲ್ಲೇ ಕೂಡಿದ್ರು.

"ಇಪ್ಪತ್ನಾಕು, ಮೂವತ್ನಾಕು... ಐವತ್ತೆಂಟು. ಸರಿಯಾಗಿದೆ ಪುಟ್ಟಿ, ತಾಳೆ ಇದೆ."